ಏಳನೇ ಅಕ್ಕಡಿ

"ಹತ್ತಡಿ ಆತು ಸಾಹೇಬ್ರ. ಇನ್ನೂ ತೋಡಿದ್ರ ಪಾತಾಳದೋರು ಬಂದು ಜಗಳಾ ತೆಗೀತಾರ" ಎಂದು ಹುಲುಗಣ್ಣ ಗುಂಡಿಯೊಳಗಿಂದ ಕೂಗಿದ.

ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ಹಂಪೇಶ್ ಬಗ್ಗಿ ನೋಡಿದ. ಕೆಂಪು ಮಸಾರಿ ಮಣ್ಣು, ಅದರ ಕೆಳಗೆ ಗರಸು, ಗರಸಿನ ಕೆಳಗೆ ಬಂಡೆ. ನಾಲ್ಕು ತಿಂಗಳಿಂದ ಹುಡುಕುತ್ತಿರುವ ಜೀಪು ಇಲ್ಲ. ಜೀಪಿನ ಒಂದು ನಟ್ಟೂ ಇಲ್ಲ. ಗುಂಡಿ ಹತ್ತಡಿ ಇಳಿದಿತ್ತು. ಹಂಪೇಶನ ಮರ್ಯಾದೆ ಹನ್ನೊಂದಡಿ.

ಮೇ ತಿಂಗಳಲ್ಲಿ ಕಾಣೆಯಾದ ಜೀಪನ್ನು ಡ್ರೈವರ್ ಗಾದಿಲಿಂಗನೇ ಕದ್ದು ಮಾರಿದ ಎಂಬುದು ಮಾಲೀಕ ಮರುಳಪ್ಪನ ದೂರು. ವಿಮೆಗೋಸ್ಕರ ಮರುಳಪ್ಪನೇ ಅದನ್ನು ಗುಡೇಕೋಟೆಯ ತನ್ನ ಹೊಲದಲ್ಲಿ ಹೂತಿದ್ದಾನೆ ಎಂಬುದು ವಿಮಾ ಕಂಪನಿಯ ತನಿಖೆದಾರ ಹಂಪೇಶನ ಗುಮಾನಿ. ಈ ಎರಡರ ನಡುವೆ ಗಾದಿಲಿಂಗ ಕೂಡ್ಲಿಗಿ ಸಬ್‌ಜೈಲಿನಲ್ಲಿ ಗೋಡೆ ನೋಡುತ್ತ ಕೂತಿದ್ದ.

"ಮೇಲಕ್ಕ ಬಾರಪಾ" ಎಂದು ಸಬ್‌ ಇನ್ಸ್‌ಪೆಕ್ಟರ್ ದುರುಗಪ್ಪ ಹುಲುಗಣ್ಣನಿಗೆ ಕೈ ಕೊಟ್ಟರು. ಆಮೇಲೆ ಹಂಪೇಶನ ಕೈಯಲ್ಲಿದ್ದ ಬಣ್ಣದ ಚೌಕಗಳ ಕಾಗದವನ್ನು ತೆಗೆದುಕೊಂಡು, ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಹಿಡಿದು ನೋಡಿದರು. "ಚಂದ ಐತಿ. ನಮ್ಮ ಮನಿ ಚಾಪಿನೂ ಹಿಂಗ ಐತಿ. ಆದ್ರ ಚಾಪಿ ನೋಡಿ ಯಾರೂ ಗುಂಡಿ ತೋಡಂಗಿಲ್ಲ."

"ಚಿತ್ರದಾಗ ಕೆಂಪು ಇಲ್ಲೇ ಐತಿ ಸರ್. ಏಳನೇ ಮನಿ. ಪಡುವಣ ಬದುವಿನಿಂದ ನೂರಾ ಅರವತ್ತೆರಡು ಅಡಿ. ಟೇಪು ನೀವೇ ಹಿಡಿದ್ರಿ."

"ಟೇಪು ಹಿಡಿದೆ. ಜೀಪು ಹಿಡೀಲಿಲ್ಲ."

ಬೇವಿನ ನೆರಳಲ್ಲಿ ಖುರ್ಚಿ ಹಾಕಿಸಿಕೊಂಡು ಕೂತಿದ್ದ ಮರುಳಪ್ಪ ಎದ್ದು ಬಂದ. ಅರವತ್ತರ ಸನಿಹ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಹೆಸರಿನಲ್ಲಿದ್ದ ಮರುಳು ಮುಖದಲ್ಲಿ ಎಲ್ಲೂ ಇರಲಿಲ್ಲ.

"ಬಿಸಲಾಗ ಭಾಳ ದಣದ್ರಿ. ಮಂಡಕ್ಕಿ ಮಿರ್ಚಿ ತರಿಸೀನಿ, ತಿಂದು ಹೋಗ್ರಿ" ಎಂದ, ನೆಂಟರಿಗೆ ಹೇಳಿದ ಹಾಗೆ. "ಹೊಲ ನಿಮ್ದು ಅಂತ ತಿಳೀರಿ. ಶೇಂಗಾ ಒಂದು ತುಳೀಬ್ಯಾಡ್ರಿ, ಅಷ್ಟ."

ದುರುಗಪ್ಪ ಹಂಪೇಶನನ್ನು ಆಚೆ ಕರೆದೊಯ್ದರು. "ನೋಡ್ರಿ ಹಂಪೇಶ್, ಶೋಧನಾ ಆದೇಶ ನಾಳೆ ಸಂಜಿತನಕ. ಸೋಮವಾರ ಕೋರ್ಟು. ಈ ಕಲ್ಲಿನಾಗ ಒಂದು ಗುಂಡಿಗೆ ಒಂದು ದಿನ. ಅಂದ್ರ ನಾಳೆ ಇನ್ನೊಂದು ಗುಂಡಿ, ಇನ್ನೊಂದೇ. ಅದೂ ಖಾಲಿ ಬಂದ್ರ ನಾನು ವರದಿ ಬರೀತೀನಿ. ಆ ಗಾದಿಲಿಂಗನ ಹಣಿಬರಹನೂ ಅದರಾಗ ಬರದಂಗ ಆತು."

ದೂರದಲ್ಲಿ, ಹೊಲದ ಅಂಚಿಗೆ, ಗಾದಿಲಿಂಗನ ಹೆಂಡತಿ ನಾಗರತ್ನ ನಿಂತಿದ್ದಳು. ಬೆಳಿಗ್ಗೆಯಿಂದ ನಿಂತೇ ಇದ್ದಳು. ಗುಂಡಿಯಿಂದ ಬರಿಗೈಯಲ್ಲಿ ಮೇಲೆ ಬಂದ ಹುಲುಗಣ್ಣನನ್ನು ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಸ್ಸಿನ ದಾರಿ ಹಿಡಿದಳು.

ಹಂಪೇಶ್ ಮಂಡಕ್ಕಿ ತಿನ್ನಲಿಲ್ಲ. ಕೊಳವೆಬಾವಿಯ ಹತ್ತಿರ ಹೋಗಿ, ಕಬ್ಬಿಣದ ಪೈಪಿನ ಬಾಯಲ್ಲಿ ಸೋರುತ್ತಿದ್ದ ನೀರಿಗೆ ಕೈ ಒಡ್ಡಿ ಕೆಮ್ಮಣ್ಣು ತೊಳೆದುಕೊಂಡ. ಸ್ಕೂಟರಿಗೆ ಒದ್ದ. ಅದು ಹತ್ತನೇ ಒದೆತಕ್ಕೆ ಒಪ್ಪಿತು.

*

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ, ರಾಮಾಂಜನೇಯನ ಕಂಪ್ಯೂಟರ್ ಸೆಂಟರ್. ಕೆಳಗೆ ಗಿರಣಿ ಶುರುವಾದಾಗ ಮೇಲೆ ಪರದೆಯೂ ನಡುಗುತ್ತಿತ್ತು. ಎರಡು ಸಾವಿರದ ಒಂದನೇ ಇಸವಿ. ಊರಿಗೆಲ್ಲ ಮೂರು ಕಂಪ್ಯೂಟರು, ಬಣ್ಣದ ಪ್ರಿಂಟರ್ ಇದ್ದದ್ದು ಇಲ್ಲೊಂದೇ.

"ಕಂಪ್ಯೂಟರ್ ತಪ್ಪು ಮಾಡಂಗಿಲ್ಲ ಸರ್" ಎಂದ ರಾಮಾಂಜನೇಯ.

"ಹಂಗಾರ ಜೀಪು ತಪ್ಪು ಮಾಡೇತಿ. ಹೇಳಿದ ಜಾಗಕ್ಕ ಬಂದಿಲ್ಲ."

ಹರಪನಹಳ್ಳಿಯ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಹೇಳುವ ಸುಕನ್ಯಾ ಮೇಡಂ, ಫೋನು ಬಂದ ಕೂಡಲೇ ಐದು ಗಂಟೆ ಬಸ್ಸು ಹಿಡಿದು ಬಂದಿದ್ದರು. ಆಗಸ್ಟಿನಲ್ಲಿ ಮ್ಯಾಗ್ನೆಟೋಮೀಟರ್ ಹೊತ್ತು ಆ ಹೊಲವನ್ನೆಲ್ಲ ನಡೆದವರು ಅವರೇ. ನೆಲದಡಿ ಕಬ್ಬಿಣವಿದ್ದರೆ ಆ ಯಂತ್ರದ ಅಂಕಿ ಏರುತ್ತದೆ. ಒಂಬತ್ತು ಅಡ್ಡಗೆರೆ, ಹನ್ನೆರಡು ಉದ್ದಗೆರೆ. ಗೆರೆ ಕೂಡಿದ ಕಡೆಯೆಲ್ಲ ಗೂಟ, ಗೂಟಕ್ಕೊಂದು ಅಂಕಿ. ನೂರಾ ಎಂಟು.

ಸುಕನ್ಯಾ ತಮ್ಮ ನೋಟ್‌ಬುಕ್ಕನ್ನೂ ಪರದೆಯನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಅಂಕಿಗೆ ಬೆರಳು ಇಟ್ಟರು. ಅರ್ಧ ಗಂಟೆ ಹಿಡಿಯಿತು. "ಅಂಕಿ ಎಲ್ಲಾ ಸರಿ ಐತೆ" ಎಂದರು. "ಒಂದೂ ತಪ್ಪಿಲ್ಲ. ದೊಡ್ಡ ಅಂಕಿ ಏಳನೇ ಸಾಲು, ಐದನೇ ಗೂಟ. ಅದೇ ಸಾಲಿನ ಆರನೇ ಗೂಟದಲ್ಲಿ ಸ್ವಲ್ಪ ಕಮ್ಮಿ. ಬಾಕಿ ಕಡೆ ಅಂಥಾ ದೊಡ್ಡದು ಏನಿಲ್ಲ."

"ಕೇಳಿದ್ರ್ಯಾ?" ರಾಮಾಂಜನೇಯ ಎದೆಯುಬ್ಬಿಸಿದ. "ನನ್ನ ಪ್ರೋಗ್ರಾಮು ಅಂಕಿ ನೋಡ್ತೈತಿ, ಬಣ್ಣ ಹಚ್ತೈತಿ. ದೊಡ್ಡದು ಕೆಂಪು, ಸಣ್ಣದು ನೀಲಿ. ಇದರಾಗ ಸುಳ್ಳಿಗೆ ಜಾಗ ಎಲ್ಲೈತಿ ಹೇಳ್ರಿ?"

ಹಂಪೇಶ್ ಹೊಟ್ಟೆ ಮುಂದೆ ಮಾಡಿ, ಇಲ್ಲದ ಮೀಸೆಯನ್ನು ತೀಡಿ, ದುರುಗಪ್ಪನವರ ಗೊಗ್ಗರು ಗಂಟಲಲ್ಲಿ ಹೇಳಿದ: "ಚಾಪಿ ನೋಡಿ ಯಾರೂ ಗುಂಡಿ ತೋಡಂಗಿಲ್ಲಪಾ, ರಾಮಾಂಜನೇಯಾ."

ರಾಮಾಂಜನೇಯ ಗಾಬರಿಯಲ್ಲಿ ಬಾಗಿಲ ಕಡೆ ನೋಡಿದ. ಸುಕನ್ಯಾ ನಗು ತಡೆದುಕೊಂಡರು. ಮಾತಾಡಿಸಿದವರ ದನಿಯನ್ನೆಲ್ಲ ಹಂಪೇಶ್ ಸಂಜೆಯೊಳಗೆ ಗಂಟಲಿಗೆ ಇಳಿಸಿಕೊಂಡಿರುತ್ತಿದ್ದ. ಅದರಿಂದ ಅವನಿಗೆ ಕಾಲೇಜಿನಲ್ಲಿ ಎರಡು ಬಹುಮಾನವೂ ಒಂದು ಅಮಾನತ್ತೂ ಸಿಕ್ಕಿದ್ದವು.

ನಗು ಮುಗಿದ ಮೇಲೆ ಅವನು ಮತ್ತೆ ಚಿತ್ರದ ಮೇಲೆ ಬಗ್ಗಿದ. ಹನ್ನೆರಡು ಮನೆ ಅಗಲ, ಒಂಬತ್ತು ಮನೆ ಎತ್ತರ. ನೀಲಿಯ ನಡುವೆ ಏಳರಲ್ಲಿ ಕೆಂಪು. ಅದರ ಬಲಗಡೆ, ಹತ್ತರಲ್ಲಿ, ಒಂಟಿಯಾಗಿ ಒಂದು ಹಳದಿ ಮನೆ.

"ಈ ಹಳದಿ ಏನ್ರೀ ಮೇಡಂ?"

"ಅದಾ? ಕೊಳವೆಬಾವಿ ಪೈಪು. ಅದೂ ಕಬ್ಬಿಣ ಅಲ್ವಾ? ಹತ್ತನೇ ಗೂಟದ ಪಕ್ಕದಲ್ಲೇ ಐತೆ."

ಹಂಪೇಶ್ ತನ್ನ ಅಂಗೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ಕೆಮ್ಮಣ್ಣಿತ್ತು.

"ರಾಮಾಂಜನೇಯ, ಒಂದೊಂದು ಮನಿ ಎಷ್ಟು ಅಡಿ?"

"ಇಪ್ಪತ್ತೈದು. ಕೆಳಗ ಬರದೀನಲ್ಲ."

"ಏಳರಿಂದ ಹತ್ತಕ್ಕ?"

"ಮೂರು ಮನಿ. ಎಪ್ಪತ್ತೈದು ಅಡಿ."

"ಎಪ್ಪತ್ತೈದು ಅಡಿ ಅಂದ್ರ ಮೂವತ್ತು ಹೆಜ್ಜಿ. ನಾನು ಗುಂಡಿ ದಡದಿಂದ ಎದ್ದು ಹೋಗಿ ಆ ಪೈಪಿನಾಗ ಕೈ ತೊಳಕಂಡೀನಿ. ಹನ್ನೆರಡು ಹೆಜ್ಜಿ ಆಗಿತ್ತು, ಹೆಚ್ಚಂದ್ರ ಹದಿಮೂರು."

ರಾಮಾಂಜನೇಯ ಪರದೆಯ ಮೇಲೆ ಬೆರಳಿಟ್ಟು ಆ ಮೂರು ಮನೆಗಳನ್ನು ಮತ್ತೆ ಎಣಿಸಿದ.

"ಪೈಪೇನೂ ನಡಕಂಡು ಗುಂಡಿ ಹತ್ರ ಬಂದಿಲ್ಲ" ಎಂದ ಹಂಪೇಶ್. "ಕೆಂಪು ಪೈಪಿನಿಂದ ಮೂರು ಗೂಟ ದೂರ ಅನ್ನೋದು ಖರೇ. ಆ ಮೂರು ಗೂಟ ಎಷ್ಟು ಅಡಿ ಅನ್ನೋದು ನಮಗ ಗೊತ್ತಿಲ್ಲ. ಮೇಡಂ, ಗೂಟ ಹೆಂಗ ಹೊಡಿಸಿದ್ರಿ?"

ಸುಕನ್ಯಾ ಕನ್ನಡಕ ತೆಗೆದರು. ಮುಖ ಸಣ್ಣದಾಗಿತ್ತು.

"ತೆಂಕಣ ಬಡಗಣ ಟೇಪು ಹಿಡಿದೆ, ಇಪ್ಪತ್ತು ಅಡಿಗೊಂದು. ಅದು ಸರಿ ಐತೆ. ಮೂಡಣ ಪಡುವಣ..." ಅವರು ನಿಂತರು. "ಮರುಳಪ್ಪ ಬಿಡಲಿಲ್ಲ ಅಲ್ವಾ? ಶೇಂಗಾ ಊಡು ಮಣ್ಣಿಗೆ ಇಳಿದೈತೆ, ಗಿಡ ತುಳಿದ್ರೆ ಕಾಯಿ ಕಟ್ಟಲ್ಲ ಅಂದ್ರು. ತೊಗರಿ ಅಕ್ಕಡಿಯಲ್ಲೇ ನಡೀಬೇಕು ಅಂತ ಷರತ್ತು. ಶೇಂಗಾ ಸಾಲಿನ ನಡುವೆ ಅಲ್ಲಲ್ಲಿ ತೊಗರಿ ಸಾಲು ಹಾಕಿದ್ರಲ್ಲ, ಅದರಲ್ಲೇ ಗೂಟ ಹೊಡೆಸಿದೆ. ಹೊಲಕ್ಕೆಲ್ಲ ಹನ್ನೆರಡು ಅಕ್ಕಡಿ ಇತ್ತು. ಹನ್ನೆರಡು ಸಾಲು ಅಂತ ಬರ್ಕೊಂಡೆ."

"ಅಕ್ಕಡಿ ಎಲ್ಲಾ ಸಮ ಅದಾವೇನು ಅಂತ ನೋಡಿದ್ರ್ಯಾ?"

"ಕೂರಿಗೆಯಲ್ಲಿ ಬಿತ್ತಿದ್ದು ಸಮ ಇರುತ್ತೆ ಅಂದ್ಕೊಂಡೆ. ನಾನು ಪೇಟೆಯಲ್ಲಿ ಬೆಳೆದೋಳು, ಹಂಪೇಶ್. ತೋಡೋ ದಿನ ನಾನೇ ಬಂದಿದ್ರೆ ಅಕ್ಕಡಿ ಎಣಿಸಿ ತೋರಿಸ್ತಿದ್ದೆ. ಕಾಲೇಜಲ್ಲಿ ಪರೀಕ್ಷೆ ಇತ್ತು."

"ನನಗ ಹನ್ನೆರಡು ಕೊಟ್ರಿ, ಮುನ್ನೂರು ಅಡಿ ಅಂದ್ರಿ, ಭಾಗಿಸಿದೆ" ಎಂದು ರಾಮಾಂಜನೇಯ ಕೈ ಎತ್ತಿಬಿಟ್ಟ. "ನನ್ನ ಪ್ರೋಗ್ರಾಮಿನಾಗ ಎಲ್ಲಾ ಮನಿನೂ ಒಂದ ಅಳತಿ. ಸರ್ಕಾರದೋರು ಹಂಚೋ ಸೈಟು ಇದ್ದಂಗ."

"ಹೊಲದಾಗ ಅಣ್ಣತಮ್ಮರ ಪಾಲು ಇದ್ದಂಗ ಐತಿ" ಎಂದ ಹಂಪೇಶ್. "ಒಂದು ಅಗಲ, ಒಂದು ಸಣ್ಣ. ಒಂದು ಗ್ರಾಫ್ ಹಾಳೆ ಕೊಡು."

*

ಮರುದಿನ ಎಂಟಕ್ಕೆಲ್ಲ ಅವರು ಗುಡೇಕೋಟೆಯ ಹೊಲದಲ್ಲಿದ್ದರು. ಸೆಪ್ಟೆಂಬರಿನ ಬಿಸಿಲು ಆಗಲೇ ಬೆನ್ನಿಗೆ ಬಿದ್ದಿತ್ತು. ಹುಲುಗಣ್ಣನ ಆಳುಗಳು ಗುದ್ದಲಿ ಪಿಕಾಸಿ ಒರಗಿಸಿ ಬೀಡಿ ಹಚ್ಚಿದ್ದರು. ನಾಗರತ್ನ ಮೊದಲ ಬಸ್ಸಿಗೇ ಬಂದಿದ್ದಳು.

"ನಾಗರತ್ನ, ಇಲ್ಲಿ ಬಾರವಾ" ಎಂದು ಹಂಪೇಶ್ ಕರೆದ. "ಈ ತೊಗರಿ ಅಕ್ಕಡಿ ಹಾಕಿದ್ದು ಯಾರು?"

"ನಾನ ರಿ, ಅಣ್ಣಾರ. ವರ್ಷಾನೂ ನಾನ. ಕೂರಿಗಿ ಹಿಂದ ಸಡ್ಡಿ ಹಿಡಿಯೋದು ನನ್ನ ಕೆಲಸ." ಸಡ್ಡೆಯೆಂದರೆ ಕೂರಿಗೆಯ ಹಿಂದೆ ಕಟ್ಟಿ ಎಳೆಯುವ ಒಂಟಿ ಕೊಳವೆ, ಅದರಲ್ಲಿ ತೊಗರಿ ಬಿಟ್ಟುಕೊಂಡು ಹೆಂಗಸರು ಹಿಂದೆ ನಡೆಯುತ್ತಾರೆ.

"ಎಲ್ಲಾ ಅಕ್ಕಡಿ ಸಮ ಹಾಕೀಯೇನು?"

ಅವಳು ನೆಲ ನೋಡಿದಳು. ಹುಲುಗಣ್ಣ ಕೆಮ್ಮಿದ.

"ಹೇಳವಾ. ಗಂಡನ ವಿಷಯ ಇದು."

"ಸಮ ಇಲ್ರಿ."

"ಯಾಕ?"

"ಈ ಪಡುವಣ ಕಡಿ ಅರ್ಧ ಎಕರೆ ಕಪ್ಪು ಎರಿ ಹೊಲ ನಮ್ದು ರಿ. ನಮ್ಮನಿಯೋರ ಹೆಸರಿಲೆ ಐತಿ. ಮರುಳಪ್ಪಜ್ಜಾರಿಗೆ ಪಾಲಿಗೆ ಕೊಟ್ಟೀವಿ. ನಡುವಿನ ಬದು ಅವ್ರು ಮುರದು ಎಲ್ಲಾ ಕೂಡಿಸಿ ಬಿತ್ತಿಸ್ತಾರ. ಶೇಂಗಾ ಅವ್ರಿಗೆ, ಆಮ್ಯಾಲ ಲೆಕ್ಕ ಅಂತಾರ. ಆದ್ರ ನಮ್ಮ ಹೊಲದ ಅಕ್ಕಡಿ ಕಾಳು ನಮಗ. ಮಾತು ಹಂಗ ಐತಿ." ಅವಳ ದನಿ ತಗ್ಗಿತು. "ಅದಕ್ಕ ನಮ್ಮ ಕಡಿ ಒತ್ತೊತ್ತಾಗಿ ಬಿಟ್ಟೀನಿ. ಕೂರಿಗಿ ಒಂದು ಸಲ ಹೋದ್ರ ಒಂದು ಪಟ್ಟಿ; ಎರಡು ಪಟ್ಟಿಗೊಂದು. ಅವ್ರ ಕಡಿ ನಾಕು ಪಟ್ಟಿಗೆ, ಆರು ಪಟ್ಟಿಗೆ, ಆ ತುದಿಗೆ ಎಂಟು ಪಟ್ಟಿಗೆ ಒಂದು. ಅವ್ರು ದಂಡಿಗೆ ಕುಂತು ನೋಡ್ತಾರ. ತೊಗರಿ ನೋಡಂಗಿಲ್ಲ, ಶೇಂಗಾ ನೋಡ್ತಾರ."

ಹುಲುಗಣ್ಣನ ಆಳುಗಳು ಜೋರಾಗಿ ನಕ್ಕರು. "ಏ ಅವ್ವಾ, ಹುಲಿ ಬಾಯಾಗಿಂದ ಹುಳ್ಳಿಕಟ್ಟು ಕಸಗೊಂಡಿಯಲ್ಲ!" ಎಂದ ಒಬ್ಬ.

"ಮೊದ್ಲ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ. ಕೇಳದ ಹೋದ್ರ ಇಂಥಾದು ಯಾರು ಹೇಳ್ತಾರ?"

ಹಂಪೇಶನಿಗೆ ಒಂದು ಅನುಮಾನ ಹೊಳೆಯಿತು; ಅದು ಹಿತವಾದದ್ದಾಗಿರಲಿಲ್ಲ. "ನಿಮ್ಮ ಹೊಲ ಎಲ್ಲಿತನಕ?"

"ಆರು ಅಕ್ಕಡಿ. ಆರನೇದು ದಾಟಿ ಎಂಟು ಸಾಲು ಶೇಂಗಾ. ಅಲ್ಲಿಗೆ ಮುಗೀತು."

"ಏಳನೇ ಅಕ್ಕಡಿ?"

"ಅವ್ರದು ರಿ."

ಸದ್ಯ, ಕೆಂಪು ಬಿದ್ದದ್ದು ಇವರ ಹೊಲದಲ್ಲಲ್ಲ ಎಂದುಕೊಂಡು ಹಂಪೇಶ್ ಟೇಪು ಬಿಚ್ಚಿ ಅವಳ ಕೈಗೆ ಒಂದು ತುದಿ ಕೊಟ್ಟ.

ದುರುಗಪ್ಪ ಪೊಲೀಸ್ ಜೀಪಿನಿಂದ ಇಳಿದು ಬಂದಾಗ, ಸುಕನ್ಯಾ ಟೇಪಿನ ಒಂದು ತುದಿ ಹಿಡಿದಿದ್ದರು, ನಾಗರತ್ನ ಇನ್ನೊಂದು. ಮೊದಲ ಆರು ಅಕ್ಕಡಿ ಹನ್ನೆರಡು ಹನ್ನೆರಡು ಅಡಿಗೆ. ಆರನೆಯದು ಎಪ್ಪತ್ತೆರಡರಲ್ಲಿ. ಅಲ್ಲಿಂದ ಗಿಡಗಳು ಉಸಿರಾಡಿದವು: ಏಳನೆಯದು ತೊಂಬತ್ತಾರಕ್ಕೆ, ಎಂಟನೆಯದು ನೂರಾ ಇಪ್ಪತ್ತಕ್ಕೆ. ಹತ್ತನೆಯದು ನೂರಾ ತೊಂಬತ್ತೆರಡು. ಕೊಳವೆಬಾವಿಯ ಪೈಪು ಅದರ ಪಕ್ಕದಲ್ಲೇ, ಸುಳ್ಳು ಹೇಳದೆ ನಿಂತಿತ್ತು.

"ಹಂಗಾರ ನಿನ್ನೆ ನಾವು ತೋಡಿದ್ದು?" ಎಂದರು ದುರುಗಪ್ಪ.

"ಒಂಬತ್ತನೇ ಅಕ್ಕಡಿ ಹತ್ರ. ಅಲ್ಲಿ ಎಲ್ಲಾ ನೀಲಿ. ಏನೂ ಇಲ್ಲ ಅಂತ ಚಿತ್ರನ ಹೇಳಿತ್ತು ಸರ್. ನಾವು ಅದನ್ನ ತಪ್ಪು ಜಾಗಕ್ಕ ಹಾಸಿ ಓದಿದ್ವಿ."

"ನೋಡ್ರಿ, ನನಗ ಬಾಯಿಮಾತು ಬ್ಯಾಡ. ಮೊದ್ಲ ಒಂದು ಚಿತ್ರ ಕೊಟ್ರಿ, ಈಗ ಅದು ಸುಳ್ಳು ಅಂದ್ರ ಇನ್ನೊಂದು ಚಿತ್ರ ಕೊಡ್ರಿ. ಫೈಲಿಗೆ ಹಾಕಬೇಕು."

ಸುಕನ್ಯಾ ಸ್ಕೂಟರಿನ ಸೀಟಿನ ಮೇಲೆ ಗ್ರಾಫ್ ಹಾಳೆ ಹರಡಿದರು. ಅಡಿಗೆ ಒಂದು ಸಣ್ಣ ಗೆರೆಯಂತೆ, ಗೂಟಗಳನ್ನು ಅವು ಇದ್ದ ಜಾಗದಲ್ಲೇ ಗ್ರಾಫಿನ ಮೇಲೆ ಇಟ್ಟರು. ಆಮೇಲೆ ಪ್ರತಿ ಎರಡು ಗೂಟದ ನಡುವೆ ಒಂದು ಉದ್ದಗೆರೆ ಎಳೆದರು.

"ಈ ಗೆರೆ ಯಾತಕ್ಕ?" ಎಂದರು ದುರುಗಪ್ಪ.

"ಒಂದು ಗೂಟದ ಅಂಕಿ ಪಕ್ಕದ ಗೂಟದ ಕಡೆ ಅರ್ಧ ದಾರಿ ತನಕ ಮಾತ್ರ ನಡೆಯೋದು ಸರ್. ಅಲ್ಲಿಂದ ಆಚೆ ಪಕ್ಕದ ಗೂಟದ ಮಾತು. ಗೂಟ ಒತ್ತಾಗಿದ್ರೆ ಮನೆ ಸಣ್ಣದು, ದೂರ ಇದ್ರೆ ಅಗಲ."

"ಠಾಣಿ ಸರಹದ್ದು ಅನ್ರಿ. ಅರ್ಧ ದಾರಿ ದಾಟಿದ್ರ ನಮ್ಮ ಕೇಸಲ್ಲ."

"ಹಂಗೇ ಅನ್ಕೊಳ್ಳಿ."

ಕೆಂಪು ಪೆನ್ಸಿಲಿನಿಂದ ಏಳನೇ ಮನೆ ತುಂಬಿದರು. ಎಂಬತ್ತನಾಲ್ಕು ಅಡಿಯಿಂದ ನೂರಾ ಎಂಟರವರೆಗೆ. ರಾಮಾಂಜನೇಯನ ಹಾಳೆಯಲ್ಲಿ ನಟ್ಟನಡುವೆ ಕೂತಿದ್ದ ಕೆಂಪು, ಈಗ ಎಡಗಡೆ ಸರಿದು ಪಡುವಣ ಭಾಗಕ್ಕೆ ಬಂದಿತ್ತು. ಅದರ ಎಡಕ್ಕೆ ಸಣ್ಣಸಣ್ಣ ಆರು ಪಟ್ಟಿ, ಬಲಕ್ಕೆ ಅಗಲಗಲ ಐದು. ಇಪ್ಪತ್ನಾಲ್ಕಡಿ ಅಗಲ, ಇಪ್ಪತ್ತಡಿ ಉದ್ದ: ಒಂದು ಜೀಪು ಕೈಕಾಲು ಚಾಚಿ ಮಲಗುವಷ್ಟು ಜಾಗ.

ದುರುಗಪ್ಪ ಈ ಸಲ ಹಾಳೆಯನ್ನು ತಲೆಕೆಳಗು ಮಾಡಲಿಲ್ಲ. "ಹುಲುಗಣ್ಣ, ಏಳನೇ ಅಕ್ಕಡಿಗೆ ನಡಿ" ಎಂದರು.

"ಸ್ವಲ್ಪ ತಡೀರಿ, ಸಾಹೇಬ್ರ."

ಬೇವಿನ ನೆರಳಿನಿಂದ ಮರುಳಪ್ಪ ಬರುತ್ತಿದ್ದ. ಅವಸರವಿರಲಿಲ್ಲ. ಕೈಯಲ್ಲಿ ಎರಡು ಮಡಿಕೆ ಮಡಚಿದ ಒಂದು ಕಾಗದ.

"ತೊಂಬತ್ತಾರು ಅಡಿ ಅಂದ್ರ್ಯಾ?" ಎಂದು ಕೇಳಿದ.

"ಹೌದು" ಎಂದ ಹಂಪೇಶ್.

"ತೋಡ್ರಿ. ನಂದೇನು ಅಡ್ಡಿ ಇಲ್ಲ. ಆದ್ರ ಅಲ್ಲಿ ತೋಡಾಕ ನನ್ನ ಹೊಲದ ಆದೇಶ ಆಗಂಗಿಲ್ಲ." ಕಾಗದ ಬಿಚ್ಚಿ ದುರುಗಪ್ಪನವರ ಕಣ್ಣೆದುರು ಹಿಡಿದ. "ಪಹಣಿ ನೋಡ್ರಿ. ಅರ್ಧ ಎಕರೆ, ಗಾದಿಲಿಂಗ ತಂದಿ ಗಾದೆಪ್ಪ. ಸರ್ವೆ ಕಲ್ಲು ಅಗೋ, ಬಡಗಣ ಅಂಚಿಗೆ ಜಾಲಿ ಬುಡದಾಗ ಐತಿ. ಅಳೀರಿ. ಆಮ್ಯಾಲ ಮಾತಾಡೋಣು."

ಅಳೆದರು. ಪಡುವಣ ಬದುವಿನಿಂದ ಕಲ್ಲಿಗೆ ನೂರಾ ಹನ್ನೆರಡು ಅಡಿ. ದುರುಗಪ್ಪ ತಾವೇ ಎರಡನೇ ಸಲ ಅಳೆದರು. ನೂರಾ ಹನ್ನೆರಡೇ.

ಕೆಂಪು ಮನೆ ಮುಗಿಯುವುದು ನೂರಾ ಎಂಟಕ್ಕೆ. ಇಡೀ ಕೆಂಪು ಕಲ್ಲಿನ ಈಚೆಗೇ ಬಿದ್ದಿತ್ತು.

"ಅಂದ್ರ" ದುರುಗಪ್ಪ ನಿಧಾನವಾಗಿ ಹೇಳಿದರು, "ಜೀಪು ಇದ್ರ, ಅದು ಗಾದಿಲಿಂಗನ ಹೊಲದಾಗ ಐತಿ."

"ಕದ್ದೋನು ತನ್ನ ಹೊಲದಾಗ ಹೂಳದ ಮತ್ತೆಲ್ಲಿ ಹೂಳ್ತಾನ್ರಿ?" ಎಂದ ಮರುಳಪ್ಪ. "ಪಾಪ, ಇವ್ರ ಅವನ ಪರವಾಗಿ ಹುಡುಕಿಕೊಟ್ರು."

ಒಂದೇ ಗುಂಡಿ ಉಳಿದಿತ್ತು, ಅದನ್ನು ಎಲ್ಲಿ ತೋಡಬೇಕೆಂದು ಕೊನೆಗೂ ಗೊತ್ತಾಗಿತ್ತು. ತೋಡಿದರೆ ಜೀಪಿನ ಜೊತೆಗೆ ಗಾದಿಲಿಂಗನಿಗೆ ಶಿಕ್ಷೆಯೂ ಮೇಲೆ ಬರುತ್ತಿತ್ತು.

"ಅದು ನಮ್ಮ ಹೊಲ ಅಲ್ರಿ!" ನಾಗರತ್ನ ಕೂಗಿದಳು. "ನಮ್ದು ಆರನೇ ಅಕ್ಕಡಿ ದಾಟಿ ಎಂಟು ಸಾಲಿಗೇ ಮುಗೀತೈತ್ರಿ. ಎಂಬತ್ತು ಅಡಿ!"

"ನನ್ನ ನೌಕರಿಯಾಗ 'ಇದು ನನ್ನ ಹೊಲ ಅಲ್ಲ' ಅಂತ ಜಗಳಾ ಮಾಡಿದೋರನ್ನ ಇವತ್ತ ನೋಡಿದ್ದು" ಎಂದರು ದುರುಗಪ್ಪ.

ಹಂಪೇಶ್ ಜಾಲಿಯ ಬುಡಕ್ಕೆ ಹೋಗಿ ಮಂಡಿಯೂರಿದ. ಮೊಳದೆತ್ತರದ ಕಲ್ಲು. ಸುತ್ತ ಕೆಂಪು ಮಸಾರಿ. ಆದರೆ ಕಲ್ಲಿನ ಮೈಮೇಲೆ, ನೆಲದಿಂದ ನಾಲ್ಕು ಬೆರಳು ಮೇಲಿನವರೆಗೆ, ಒಣಗಿ ಬಿರುಕುಬಿಟ್ಟ ಕಪ್ಪು ಎರೆಮಣ್ಣು ಹೆಪ್ಪುಗಟ್ಟಿ ಕೂತಿತ್ತು. ಉಗುರಿನಿಂದ ಕೆರೆದ. ಬರಲಿಲ್ಲ, ಬಹಳ ವರ್ಷದ ನಂಟು. ಕಲ್ಲನ್ನು ಹಿಡಿದು ಅಲ್ಲಾಡಿಸಿದ. ಸಡಿಲ ಹಲ್ಲಿನಂತೆ ಅಲುಗಿತು.

"ಸರ್, ಇಲ್ಲಿ ಬರ್ರಿ."

ದುರುಗಪ್ಪ ಬಗ್ಗಿದರು.

"ಕಲ್ಲು ನಿಂತಿರೋದು ಮಸಾರಿಯಾಗ. ಅದರ ಕಾಲಿಗೆ ಹತ್ತಿರೋದು ಎರಿ. ಎರಿ ಮಣ್ಣು ಎಲ್ಲಿ ಮುಗೀತೈತಿ ನೋಡ್ರಿ, ಆರನೇ ಅಕ್ಕಡಿ ದಾಟಿ ಎಂಟು ಸಾಲಿಗೆ. ಈ ಕಲ್ಲು ಮೊದ್ಲ ಅಲ್ಲಿತ್ತು. ಮೂವತ್ತೆರಡು ಅಡಿ ನಡದು ಬಂದೈತಿ." ಹಂಪೇಶ್ ಎದ್ದು ಮರುಳಪ್ಪನ ಎದುರು ನಿಂತ. ಅವನ ಮಾತು ಹೊರಟಾಗ ಅದು ಮರುಳಪ್ಪನದೇ ದನಿಯಾಗಿತ್ತು, ಅದೇ ನಿಧಾನ, ಅದೇ ಉಪಚಾರ: "'ಹೊಲ ನಿಮ್ದು ಅಂತ ತಿಳೀರಿ.' ನಿನ್ನೆ ನಮಗ ಹೇಳಿದ್ರಿ. ಇವಳಿಗೆ ಖರೇನೇ ಮಾಡಿಕೊಟ್ಟೀರಿ. ಕಲ್ಲು ಸರಿಸಿ ಮಂದಿ ಹೊಲ ತಿಂದೋರನ್ನ ಐದು ತಾಲೂಕಿನಾಗೂ ನೋಡೀನಿ. ಕಲ್ಲು ಸರಿಸಿ ತನ್ನ ಹೊಲ ಕೊಟ್ಟ ಪುಣ್ಯಾತ್ಮ ನೀವೊಬ್ರ!"

ಆಳುಗಳು ಗೊಳ್ಳೆಂದರು. ದುರುಗಪ್ಪನವರ ಮೀಸೆಯೂ ಅಲ್ಲಾಡಿತು.

ಮರುಳಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ.

"ಚಂದ ಮಾತಾಡ್ತೀರಿ. ನನ್ನ ದನಿಲೇ ಮಾತಾಡ್ತೀರಿ. ಈಗ ನನ್ನ ಬಾಯಿಲೇ ಕೇಳ್ರಿ. ನನ್ನ ಮಕ್ಕಳ ಆಣಿ, ಆ ಕಲ್ಲು ನಾನು ಮುಟ್ಟಿಲ್ಲ. ಮುಟ್ಟಿಸಿಲ್ಲ. ಸರದಿದ್ದು ಗೊತ್ತಿತ್ತೇನು ಅಂತ ಕೇಳಿದ್ರ, ಅದಕ್ಕ ಬೇರೆ ಉತ್ತರ."

ಹಂಪೇಶನಿಗೆ ಮನುಷ್ಯರ ದನಿ ಗೊತ್ತಿತ್ತು. ಸುಳ್ಳು ಹೇಳುವಾಗ ಮರುಳಪ್ಪನ ಮಾತಿನ ಕೊನೆ ತುಸು ಮೇಲೇರುತ್ತಿತ್ತು. ನಾಲ್ಕು ತಿಂಗಳಲ್ಲಿ ಅದನ್ನು ಹತ್ತು ಸಲ ಕೇಳಿದ್ದ, ಹತ್ತು ಸಲ ಅನುಕರಿಸಿದ್ದ. ಈಗ ಅದು ಏರಿರಲಿಲ್ಲ. ಈ ಮುದುಕ ಖರೇ ಹೇಳುತ್ತಿದ್ದ.

ಅವನು ತಿರುಗಿ ನೋಡಿದ. ನಾಗರತ್ನ ಬಂದು ಅವನ ಹಿಂದೆಯೇ ನಿಂತಿದ್ದಳು.

"ಅಣ್ಣಾರ," ಅವನಿಗಷ್ಟೇ ಕೇಳುವಂತೆ ಹೇಳಿದಳು, "ಅವ್ರಲ್ರಿ. ನಮ್ಮನಿಯೋರು. ಉಗಾದಿ ಹೊತ್ತಿಗೆ. ಬದು ಮುರದು ನಮ್ದು ಎಲ್ಲಾ ನುಂಗಿದ್ರಲ್ಲ, ಆ ಸಿಟ್ಟಿಗೆ. ಬಿತ್ತೋವಾಗ ನನಗ ಧೈರ್ಯ ಬರಲಿಲ್ರಿ. ಹಳೇ ಗಡಿತನಕ ಒತ್ತಾಗಿ ಬಿಟ್ಟು, ಅಲ್ಲಿಂದ ಆಚೆ ಕೈ ಬಿಗಿ ಹಿಡಿದೆ."

ಹಂಪೇಶ್ ಕಣ್ಣು ಮುಚ್ಚಿ ತೆಗೆದ. ಎಂಬತ್ತರಿಂದ ನೂರಾ ಹನ್ನೆರಡು. ಗಾದಿಲಿಂಗ ಕದ್ದ ಆ ಮೂವತ್ತೆರಡು ಅಡಿಯ ನಟ್ಟನಡುವೆ ಕೆಂಪು ಮನೆ. ಮರುಳಪ್ಪ ಉಗಾದಿಯಲ್ಲೇ ಕಲ್ಲು ನೋಡಿದ್ದ, ಬಾಯಿ ಮುಚ್ಚಿಕೊಂಡಿದ್ದ, ಎರಡು ತಿಂಗಳು ಕಾದು, ಜೀಪಿಗೆ ಅದೇ ಜಾಗ ಹುಡುಕಿದ್ದ. ಜೀಪು ಕದ್ದಿಲ್ಲ ಎಂದು ತೋರಿಸಲು ಗಾದಿಲಿಂಗನಿಗೆ ಈಗ ಇದ್ದದ್ದು ಒಂದೇ ದಾರಿ: ಹೊಲ ಕದ್ದೆ ಎಂದು ಒಪ್ಪಿಕೊಳ್ಳುವುದು. ಅವನು ಜೈಲಿನಲ್ಲಿದ್ದ. ಇಲ್ಲಿದ್ದವಳು ಇವಳು.

"ಏನು ಕಿವಿಮಾತು?" ದುರುಗಪ್ಪ ನೋಟ್‌ಬುಕ್ ತೆಗೆದು ಪೆನ್ನಿನ ಮುಚ್ಚಳ ಕಚ್ಚಿದರು. "ಏನವಾ ನಾಗರತ್ನ, ಕಲ್ಲು ಸರದಿದ್ದಂತೂ ಖರೇ. ಸರಿಸಿದ್ದು ಯಾರು? ನೋಡೀಯೇನು?"

ಹಂಪೇಶ್ ಅವಳ ಕಡೆ ತಲೆ ಆಡಿಸಿದ. ಹೂಂ ಎಂದೋ ಬೇಡ ಎಂದೋ ಅವನಿಗೇ ತಿಳಿದಿರಲಿಲ್ಲ. ಮರುಳಪ್ಪ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಬಾಯಿ ಬಿಡಲಾರಳು ಎಂಬ ನಂಬಿಕೆ ಅವನ ಕಣ್ಣಲ್ಲಿ ಕೂತಿತ್ತು.

ನಾಗರತ್ನ ತಲೆಯ ಮೇಲಿನ ಸೆರಗು ಇಳಿಸಿ ಸೊಂಟಕ್ಕೆ ಸಿಕ್ಕಿಸಿದಳು.

"ನೋಡೀನ್ರಿ" ಎಂದಳು, ಎಲ್ಲರಿಗೂ ಕೇಳುವಂತೆ. "ನನ್ನ ಗಂಡ ಸರಿಸಿದ. ಭಾರಿತ್ತು ಕಲ್ಲು. ಇನ್ನೊಂದು ಕಡಿ ನಾನ ಹಿಡಿದಿದ್ದೆ."

ದುರುಗಪ್ಪನವರ ಪೆನ್ನು ಹಾಳೆಯ ಮೇಲೆ ನಿಂತಿತು. ಮರುಳಪ್ಪನ ಕೈಯಲ್ಲಿದ್ದ ಪಹಣಿ ಮೆಲ್ಲಗೆ ಮಡಚಿಕೊಂಡಿತು.

ಏಳನೇ ಅಕ್ಕಡಿಯ ತೊಗರಿ ಗಿಡಗಳ ನಡುವೆ ಪಿಕಾಸಿ ಎತ್ತಿ ಹಿಡಿದಿದ್ದ ಹುಲುಗಣ್ಣ ಕೂಗಿದ: "ಸಾಹೇಬ್ರ, ಕೈ ನೋಯಾಕ್ಹತ್ಯಾವ. ಇದು ಯಾರ ಹೊಲ ಅಂತ ಬರಕಂಡು ತೋಡ್ಲಿ?"